ಉಳುಮೆ ಇಲ್ಲದ ಎರಡೆಕರೆ

ಪಕ್ಕದ ಖಾಲಿ ನಿವೇಶನದಲ್ಲಿ ಮೊನ್ನೆ ಬೆಳಿಗ್ಗೆ ರೋಟವೇಟರ್ ಓಡಿತು. ಯಾರೋ ತರಕಾರಿ ಬೆಳೆಯುವ ಉತ್ಸಾಹದಿಂದ ಆ ಜಾಗವನ್ನು ಕೊಂಡಿದ್ದಾರಂತೆ. ಅರ್ಧ ಗಂಟೆಯೊಳಗೆ ಗರಿಕೆ, ತುಂಬೆ, ನೆಲಕ್ಕೆ ಹರಡಿದ್ದ ಮುಟ್ಟಿದರೆ ಮುನಿ ಎಲ್ಲವೂ ಪುಡಿಯಾಗಿ, ಹಿಟ್ಟಿನಂಥ ಕೆಂಪು ಮಣ್ಣು ಮೇಲೆದ್ದಿತು. ಅದರ ವಾಸನೆ ತರೀಕೆರೆಯ ನಮ್ಮ ಬಡಾವಣೆಯ ಮೂರು ಮನೆಗಳನ್ನು ದಾಟಿ ಬಂತು.

"ಎಂಥ ಘಮ ನೋಡಿ ಸಾರ್, ಉತ್ತ ಮಣ್ಣಿಂದು" ಎಂದರು ಎದುರು ಮನೆಯವರು, ಕೈಯಲ್ಲಿ ಹಾಲಿನ ಪ್ಯಾಕೆಟ್ ಹಿಡಿದು ನಿಂತು.

ನಾನು ತಲೆಯಾಡಿಸಿದೆ. ಬೆಳಗಿನ ಹೊತ್ತಿನಲ್ಲಿ ಇನ್ನೊಬ್ಬರ ಸಂತೋಷಕ್ಕೆ ಅಡಿಟಿಪ್ಪಣಿ ಬರೆಯಬಾರದೆಂಬಷ್ಟು ಲೋಕಜ್ಞಾನ ನನಗೂ ಇದೆ. ಆದರೆ ನಿಮ್ಮೆದುರು ಮುಚ್ಚಿಡಬೇಕಾದ್ದೇನೂ ಇಲ್ಲ. ಉತ್ತ ಮಣ್ಣಿನ ಆ ಘಮವೆಂದರೆ ನೆಲದೊಳಗೆ ತಮ್ಮ ಪಾಡಿಗೆ ಇದ್ದ ಕೋಟ್ಯಂತರ ಸೂಕ್ಷ್ಮಜೀವಿಗಳ ಸಂಸಾರವೊಂದು ಒಮ್ಮೆಲೇ ಒಡೆದು ಗಾಳಿಗೆ ಬಿದ್ದ ಸುದ್ದಿ. ಮೂವತ್ತಕ್ಕೂ ಹೆಚ್ಚು ವರ್ಷ ಮಣ್ಣಿನ ಸಂಶೋಧನೆಯಲ್ಲಿ ಸಂಬಳ ಪಡೆದ ನನಗೆ ಈ ಸಂಗತಿ ಕಾಲೇಜಿನಲ್ಲಿ ತಿಳಿಯಬೇಕಿತ್ತು. ತಿಳಿದದ್ದು ಕಡೂರಿನ ಆಚೆ, ಹೆಂಗಸೊಬ್ಬಳ ಹೊಲದಲ್ಲಿ. ಅದೂ ಅವಳ ಹೊಲ ಕೈತಪ್ಪುವುದಕ್ಕೆ ನಾನೇ ಕಾರಣನಾಗಲಿದ್ದ ಸಂದರ್ಭದಲ್ಲಿ.

ಮೊದಲು ಕಾಲವನ್ನು ಗಟ್ಟಿಮಾಡಿಕೊಳ್ಳೋಣ. ನನ್ನ ನೆನಪು ಅದನ್ನು ಎಪ್ಪತ್ತೆಂಟರ ಮಳೆಗಾಲ ಎನ್ನುತ್ತದೆ. ದಿನಚರಿ ಎಪ್ಪತ್ತೊಂಬತ್ತು ಎನ್ನುತ್ತದೆ. ಇಬ್ಬರಲ್ಲಿ ನಾನು ಯಾವಾಗಲೂ ದಿನಚರಿಯ ಪಕ್ಷ. ನನ್ನ ಈ ಚಾಳಿಯನ್ನು ಕುರಿತು ಮನೆಯಲ್ಲಿ ಒಂದು ಮಾತಿದೆ: ಊಟಕ್ಕೆ ಕರೆದರೂ ನಾನು ಎಷ್ಟನೇ ತಾರೀಖಿನ ಊಟವೆಂದು ಕೇಳುತ್ತೇನಂತೆ. ಇರಲಿ, ಎಪ್ಪತ್ತೊಂಬತ್ತು. ನಾನಾಗ ಮಣ್ಣಿನ ಸಮೀಕ್ಷೆಯ ತಂಡವೊಂದರಲ್ಲಿ ಕಿರಿಯ ಸಹಾಯಕ. ಅಜ್ಜಂಪುರದಲ್ಲಿ ಬಾಡಿಗೆ ಕೋಣೆ. ಅದಿನ್ನೂ ತರೀಕೆರೆ ತಾಲ್ಲೂಕಿಗೇ ಸೇರಿದ್ದ ಕಾಲ. ಬೇಸಿಗೆಯಲ್ಲಿ ಬಿರಿದು ಚಪ್ಪಲಿ ನುಂಗುವ ಅಜ್ಜಂಪುರದ ಎರೆಮಣ್ಣು, ಕೆಮ್ಮಣ್ಣುಗುಂಡಿಯ ತಪ್ಪಲಿನಿಂದ ಇಳಿದುಬಂದ ತರೀಕೆರೆಯ ಕಬ್ಬಿಣದ ಬಣ್ಣದ ಮಣ್ಣು, ಮಳೆ ನಿಂತು ಎರಡು ಬಿಸಿಲು ಬಿದ್ದರೆ ಇಟ್ಟಿಗೆಯಾಗುವ ಕಡೂರು ಸೀಮೆಯ ಗರಸು ಮಣ್ಣು, ಈ ಮೂರನ್ನೂ ಬೈರಿಗೆಯಿಂದ ಕೊರೆದು ಚೀಲಕ್ಕೆ ತುಂಬಿ ನಮೂನೆಯ ಹಾಳೆಗಳಲ್ಲಿ ವಿವರ ಬರೆಯುವುದು ನನ್ನ ಕೆಲಸ. ಮಣ್ಣಿಗಿಂತ ಹೆಚ್ಚಾಗಿ ನಾನು ಪ್ರೀತಿಸುತ್ತಿದ್ದದ್ದು ಆ ಹಾಳೆಗಳನ್ನು. ನನ್ನ ಅಕ್ಷರ ದುಂಡಗಿತ್ತು. ಒಂದು ಅಂಕಣವನ್ನೂ ಖಾಲಿ ಬಿಡುತ್ತಿರಲಿಲ್ಲ.

ಕಡೂರಿನಿಂದ ಪಂಚನಹಳ್ಳಿಯ ಕಡೆ ಹೋಗುವ ದಾರಿಯ ಒಂದು ಊರಿನಲ್ಲಿ ತಿಮ್ಮಕ್ಕನ ಎರಡೆಕರೆ ಇತ್ತು. ಊರಿನ ಹೆಸರು ಬೇಡ. ಅಲ್ಲಿಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಅದರಿಂದ ಉಪಯೋಗವಿಲ್ಲ. ಸರ್ಕಾರ ದರಖಾಸ್ತಿನಲ್ಲಿ ಮಂಜೂರು ಮಾಡಿದ ಇಳಿಜಾರಿನ ಗರಸು ನೆಲ ಅದು. ಆಕೆಯ ಗಂಡ ಬೀರೂರಿನ ಕಡೆ ರೈಲು ಹಳಿಯ ಕೆಲಸಕ್ಕೆ ಹೋಗಿ ವಾರಕ್ಕೊಮ್ಮೆ ಬರುತ್ತಿದ್ದ. ಅವರ ಕೇರಿಯ ನಾಲ್ಕಾರು ಮನೆಗಳವರು ಆ ವೇಳೆಗೆ ಬೌದ್ಧರಾಗಿದ್ದರು; ತಿಮ್ಮಕ್ಕನ ನಡುಮನೆಯಲ್ಲೂ ಬುದ್ಧನ ಪಟವಿತ್ತು, ಅದರ ಪಕ್ಕದಲ್ಲೇ ಕಟ್ಟು ಹಾಕಿಸಿದ, ಜಮೀನು ಮಂಜೂರಾದ ಸಾಗುವಳಿ ಚೀಟಿ. ಎರಡಕ್ಕೂ ದಿನವೂ ದೂಳು ಒರೆಸುತ್ತಿದ್ದಳು. ಅವರ ವಂಶದಲ್ಲಿ ಅದಕ್ಕೆ ಮೊದಲು ಯಾರ ಹೆಸರಿನಲ್ಲೂ ಒಂದು ಗುಂಟೆ ಇರಲಿಲ್ಲ ಎಂಬುದನ್ನು ನೀವು ಗಮನದಲ್ಲಿಡಬೇಕು.

ನಾನು ಹೋದಾಗ ಆರಿದ್ರಾ ಮಳೆ ಹಿಡಿದು ಬಿಟ್ಟಿತ್ತು. ಹೊಲವೆಂದು ತೋರಿಸಿದ ಜಾಗದಲ್ಲಿ ನೇಗಿಲ ಸಾಲೇ ಇರಲಿಲ್ಲ. ಸೊಂಟದೆತ್ತರದ ಸೆಣಬನ್ನು ಬುಡಕ್ಕೆ ಕುಡುಗೋಲಿನಲ್ಲಿ ಕೊಯ್ದು, ಕೊಯ್ದದ್ದನ್ನು ಅಲ್ಲಲ್ಲೇ ಮಲಗಿಸಲಾಗಿತ್ತು. ಹಸಿರು ಬಾಡಿ ಕಂದಾಗುತ್ತಿತ್ತು. ದೂರದಿಂದ ನೋಡಿದರೆ ಯಾರೋ ಕಳೆ ತುಳಿದುಹೋದ ಬೀಳು ನೆಲ.

"ಉಳುಮೆ ಯಾವಾಗ ಮಾಡ್ತೀರಮ್ಮ?" ಎಂದೆ, ಪೆನ್ನು ತೆರೆದು.

"ಮಾಡಲ್ಲ ಸ್ವಾಮಿ."

"ಯಾಕೆ?"

"ಎತ್ತಿಲ್ಲ."

"ಎತ್ತು ಇದ್ದಿದ್ರೆ ಮಾಡ್ತಿದ್ರಲ್ಲ?"

"ಮೊದ್ಲಾಗಿದ್ರೆ ಮಾಡ್ತಿದ್ದೆ. ಈಗ ನೀವು ಎತ್ತು ತಂದು ಕಟ್ಟಿದ್ರೂ ಮಾಡಲ್ಲ. ಒಳಗಡೆ ಕೆಲ್ಸ ಮಾಡೋವು ಮಾಡ್ಕೊತಾವೆ. ನಾನು ಮೇಲಿಂದ ಊಟ ಹಾಕ್ತೀನಿ, ಅಷ್ಟೇಯ."

ಅದು ಆರಂಭವಾದದ್ದು ಬಡತನದಿಂದ ಎಂಬುದು ಆಮೇಲೆ ತಿಳಿಯಿತು. ಊರಿನಲ್ಲಿ ಎತ್ತುಳ್ಳವರು ತಮ್ಮ ಹೊಲ ಮುಗಿಸಿ ಇವಳಲ್ಲಿಗೆ ಬರುವ ವೇಳೆಗೆ ಹದ ಆರಿಹೋಗಿರುತ್ತಿತ್ತು. ಒಂದು ವರ್ಷ ಯಾರೂ ಬರಲಿಲ್ಲ. ಆಗ ಆಕೆ ಮುಂಗಾರಿನ ಮೊದಲ ಹದಕ್ಕೆ ಸೆಣಬಿನ ಬೀಜ ಎರಚಿ, ಜಾಲಿಮುಳ್ಳಿನ ದೊಡ್ಡ ಟೊಂಗೆಯೊಂದನ್ನು ಹೊಲದ ಉದ್ದಗಲಕ್ಕೂ ತಾನೇ ಎಳೆದು ಬೀಜ ಮುಚ್ಚಿದಳು. ಹೂ ಬಿಡುವ ಮೊದಲೇ ಕೊಯ್ದು ಮಲಗಿಸಿದಳು; ಬೇರು ನೆಲದಲ್ಲೇ ಉಳಿಯಿತು. ಮೂರು ನಾಲ್ಕು ವಾರ ಕಳೆದ ಮೇಲೆ ಆ ಹೊದಿಕೆಯನ್ನು ಅಲ್ಲಲ್ಲಿ ಸರಿಸಿ, ಗುಳಿ ಮಾಡಿ, ರಾಗಿ ಪೈರು, ಮೆಣಸಿನ ಸಸಿ, ಬದನೆ ನೆಟ್ಟಳು. ಮೊದಲ ವರ್ಷ ಹೇಳಿಕೊಳ್ಳುವಂಥದ್ದೇನೂ ಬೆಳೆಯಲಿಲ್ಲ. ಎರಡನೆಯ ವರ್ಷ ಸಸಿ ನೆಡುವಾಗ ಗುಳಿ ತೋಡಲು ಗುದ್ದಲಿ ಬೇಕಾಗಲಿಲ್ಲವಂತೆ. ಅಂದಿನಿಂದ ಬಿಟ್ಟಿರಲಿಲ್ಲ.

ಊರಿಗೆ ಇದರಲ್ಲಿ ಕಂಡ ದೊಡ್ಡ ಅಪರಾಧ ಉಳದೆ ಬಿಟ್ಟದ್ದಲ್ಲ, ಹಗ್ಗ ಹಾಳುಮಾಡಿದ್ದು. ಅಲ್ಲಿ ಸೆಣಬೆಂದರೆ ನಾರು. ಅದು ಹೂವಾಗಿ, ಕಾಯಾಗಿ, ಕಡ್ಡಿ ಬಲಿತ ಮೇಲೆ ಕಿತ್ತು, ಕೆರೆಯಲ್ಲಿ ಕೊಳೆಹಾಕಿ, ನಾರು ಬಿಡಿಸಿ ಎತ್ತಿನ ಹಗ್ಗ ಹೊಸೆಯಬೇಕು. ಗೊಬ್ಬರವಾಗಲೆಂದು ಸೆಣಬು ಹಾಕಿದವರೂ ನಾರಿನ ಆಸೆಗೆ ಅದನ್ನು ಬಲಿಯಲು ಬಿಟ್ಟು, ಆಮೇಲೆ ಮೋಟುಗಳನ್ನು ಮಾತ್ರ ಮಣ್ಣಿಗೆ ಸೇರಿಸಿ, ಗೊಬ್ಬರ ಕೊಟ್ಟೆವೆಂದು ತೃಪ್ತರಾಗುತ್ತಿದ್ದರು. ಬಲಿತ ಕಡ್ಡಿಯಿಂದ ಮಣ್ಣಿಗೆ ಸಿಗುವುದು ಅಷ್ಟಕ್ಕಷ್ಟೆ. ಎಳೆಯದರಲ್ಲೇ ಕೊಯ್ಯುವುದು ಅವರ ಕಣ್ಣಿಗೆ ಹಸುಗೂಸಿನ ಕತ್ತು ಹಿಚುಕಿದಂತೆ.

ಪಕ್ಕದ ಹೊಲದ ರುದ್ರಪ್ಪ ಅಂದು ಬದುವಿನ ಮೇಲೆ ನಿಂತು ನಮ್ಮನ್ನೇ ನೋಡುತ್ತಿದ್ದರು. ತೆಂಗಿನ ತೋಟ, ಎರಡು ಜೊತೆ ಎತ್ತು, ಮಠದಲ್ಲಿ ಒಳ್ಳೆಯ ಮಾತು ಇದ್ದ ಶೈವ ಮನೆತನದ ಕುಳ. ನನಗೆ ಕೇಳಿಸಲೆಂದೇ ಹೇಳಿದರು:

"ಏನ್ ತಿಮ್ಮಕ್ಕ, ಹಗ್ಗ ಆಗೋ ಸೆಣಬ್ನ ಹಾಸಿಗೆ ಹಾಸ್ಬಿಟ್ಟಿದೀಯಲ್ಲ, ಯಾರ್ ಮಲಗಕ್ಕೆ?"

"ನಿಮ್ಮೆತ್ತು ಮಲಗಕ್ಕಾದ್ರೂ ಬಂದಾವು ಅಂತ ಯಜಮಾನ್ರೇ. ಉಳಕ್ಕಂತೂ ಬರ್ಲಿಲ್ಲ."

ರುದ್ರಪ್ಪ ಟವಲು ಕೊಡವಿ ಆಚೆ ತಿರುಗಿದರು. ನಾನು ನಕ್ಕೆ. ನಕ್ಕು, ನಮೂನೆಯ ಹಾಳೆಯಲ್ಲಿ ನನ್ನ ದುಂಡಾದ ಅಕ್ಷರದಿಂದ ಬರೆದೆ. ಉಳುಮೆ: ಇಲ್ಲ. ನಿಂತಿರುವ ಬೆಳೆ: ಇಲ್ಲ. ಸೆಣಬು ಮಲಗಿತ್ತಾದ್ದರಿಂದ ನಿಂತಿರುವ ಬೆಳೆ ಇರಲಿಲ್ಲ; ಅದರಲ್ಲಿ ಸುಳ್ಳೇನೂ ಇಲ್ಲ. ಅಂದಿನ ದಿನಚರಿಯಲ್ಲಿ, ಸೋಮಾರಿತನಕ್ಕೆ ತತ್ತ್ವದ ಬಣ್ಣ ಬಳಿದ ಉದಾಹರಣೆ ಎಂಬ ಒಂದು ವಾಕ್ಯವೂ ಇದೆ. ಅದನ್ನು ಹರಿದುಹಾಕುವ ಮನಸ್ಸು ಬಹಳ ಸಲ ಬಂದಿತ್ತು, ಹರಿದಿಲ್ಲ.

ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಹೋಟೆಲಿನಲ್ಲಿ ಆ ಊರಿನ ಗ್ರಾಮಲೆಕ್ಕಿಗರು ಸಿಕ್ಕಿದರು. ಜನ ಅವರನ್ನು ಇನ್ನೂ ಶ್ಯಾನುಭೋಗರೆಂದೇ ಕರೆಯುತ್ತಿದ್ದರು. ಪಹಣಿಗೆ ಬೆಳೆ ದಾಖಲು ಮಾಡಲು ಅವರು ಹೊಲದಿಂದ ಹೊಲಕ್ಕೆ ತಿರುಗಬೇಕಿತ್ತು, ಮಂಡಿನೋವು ಬೇರೆ. "ಎಲ್ಲಾ ನೀವೇ ನೋಡ್ಕಂಡ್ ಬಂದಿದೀರಲ್ಲ, ಆ ಹಾಳೆ ಒಂದ್ ನಿಮಿಷ ಕೊಡಿ ಸಾರ್, ಬರ್ಕೊಂಬಿಡ್ತೀನಿ" ಎಂದರು. ನನ್ನ ಹಾಳೆಯನ್ನು ಓದಲು ಬಯಸಿದ ಮೊದಲ ಮನುಷ್ಯ ಅವರು. ಸಂತೋಷದಿಂದ ಕೊಟ್ಟೆ, ಕಾಫಿಯನ್ನೂ ಕುಡಿಸಿದೆ. ಉಳುಮೆ ಇಲ್ಲ, ಬೆಳೆ ಇಲ್ಲ ಎಂಬ ನನ್ನ ಎರಡು ಇಲ್ಲಗಳು ಅವರ ಪುಸ್ತಕದಲ್ಲಿ ಒಂದೇ ಶಬ್ದವಾದವು: ಬೀಳು.

ಹಲವು ತಿಂಗಳ ಅನಂತರ, ವರ್ಷವೇ ಕಳೆದಿತ್ತೋ ಏನೋ, ತಿಮ್ಮಕ್ಕ ಅಜ್ಜಂಪುರದ ನನ್ನ ಕೋಣೆಯ ಬಾಗಿಲಿಗೆ ಬಂದಳು. ಸೆರಗಿನ ತುದಿಯಲ್ಲಿ ಗಂಟು ಕಟ್ಟಿದ್ದ ಕಾಗದವನ್ನು ಬಿಚ್ಚಿ ಕೊಟ್ಟಳು. ಮಂಜೂರಾದ ಜಮೀನನ್ನು ಷರತ್ತಿನಂತೆ ಸಾಗುವಳಿ ಮಾಡದೆ ಬೀಳು ಬಿಟ್ಟಿರುವುದರಿಂದ ಮಂಜೂರಾತಿಯನ್ನು ಏಕೆ ರದ್ದುಪಡಿಸಬಾರದು ಎಂದು ಕೇಳುವ ನೋಟೀಸು.

"ಶ್ಯಾನುಭೋಗ್ರನ್ನ ಕೇಳ್ದೆ. ಮಣ್ಣಿನ್ ಸಾಹೇಬ್ರೇ ಬರ್ದಿದಾರೆ, ನಾನೇನ್ ಮಾಡ್ಲಿ ಅಂದ್ರು" ಎಂದಳು. ದನಿಯಲ್ಲಿ ಕೋಪವಿರಲಿಲ್ಲ, ವಿಚಾರಣೆಯಿತ್ತು. "ನೀವ್ ಬರ್ದಿದ್ದು ಹೌದಾ ಸ್ವಾಮಿ?"

ಹೌದೆಂದೆ. ಒಳಗೆ ಬನ್ನಿ ಎನ್ನುವುದನ್ನೂ ಮರೆತಿದ್ದೆ.

"ಆ ವರ್ಷ ರಾಗಿ ಬಡ್ದು ಮನೆಗೆ ತಂದಿದೀನಿ. ಮೆಣ್ಸಿನ್ಕಾಯಿ ಕಡೂರು ಸಂತೆಗೆ ಹೋಯ್ತು. ಅದನ್ನೂ ಬರೀಬೇಕಿತ್ತಲ್ವಾ?"

"ನಾನು ಬಂದ ದಿನ ಅದು ಇರ್ಲಿಲ್ಲವಲ್ಲಮ್ಮ."

"ನೀವ್ ಬಂದಿದ್ದು ಒಂದ್ ದಿನ. ಹೊಲ ವರ್ಷ ಪೂರ್ತಿ ಅಲ್ಲೇ ಇರತ್ತೆ."

ತಪ್ಪು ಮಾಡಿದವನು ಬುದ್ಧಿವಾದಕ್ಕೆ ಇಳಿಯುತ್ತಾನೆ, ನಾನೂ ಇಳಿದೆ. ಸ್ಥಳ ತನಿಖೆಗೆ ಮುಂದಿನ ಮಳೆಗಾಲದಲ್ಲಿ ಅಮಲ್ದಾರರು ಬರಲಿದ್ದರು. ಕಾನೂನಿನ ಪ್ರಕಾರ ಅವರು ತಹಸೀಲ್ದಾರ್. ಜನರ ಬಾಯಲ್ಲಿ ಅಮಲ್ದಾರ್. ಅವರು ಬರುವ ಮೊದಲು ಟ್ರ್ಯಾಕ್ಟರ್ ತರಿಸಿ ಒಂದೇ ಸಲ ಹೊಲವನ್ನು ಪೂರ್ತಿ ಉತ್ತುಬಿಡಿ, ಸಾಲು ಕಂಡರೆ ಸಾಕು, ಭೂಮಿ ಉಳಿಯುತ್ತದೆ ಎಂದೆ. ಮುಂದಿನ ರಜೆಗೆ ಬಂದ ಆಕೆಯ ಗಂಡನೂ ಇದನ್ನೇ ಹೇಳಿದನಂತೆ. ಚೀಟಿಯೇ ಹೋದರೆ ಮಣ್ಣು ಇಟ್ಟುಕೊಂಡು ಏನು ಮಾಡುತ್ತೀಯ ಎಂದು ಎರಡು ದಿನ ಊಟ ಬಿಟ್ಟನಂತೆ. ಅವನ ಹೆದರಿಕೆ ನ್ಯಾಯವಾದದ್ದೇ. ಇದೆಲ್ಲವನ್ನೂ ತಿಮ್ಮಕ್ಕ ನನಗೆ ಹೇಳಿದ್ದು ಮತ್ತೆ ನಾನೇ ಅವಳ ಊರಿಗೆ ಹೋದಾಗ. ಅಷ್ಟು ಹೊತ್ತಿಗೆ ಆ ವರ್ಷದ ಸೆಣಬೂ ಕೊಯ್ದು ಮಲಗಿಯಾಗಿತ್ತು. ಉಳುಮೆಯ ಮಾತು ಏನಾಯಿತೆಂದು ಕೇಳಿದೆ.

"ಪೂರ್ತಿ ಉಳಲ್ಲ" ಎಂದಳು. "ಒಂದ್ ದಿನ ನೋಡಕ್ ಬರೋರಿಗೋಸ್ಕರ ಇಷ್ಟ್ ವರ್ಷ ಕಟ್ಟಿರೋ ಮಣ್ಣು ಬಗೆದಾಕ್ಲಾ? ಅವ್ರಿಗೆ ಸಾಲು ಬೇಕಾ, ಕಾಣ್ಲಿ. ನಡು ಹೊಲ್ದಲ್ಲಿ ಒಂದ್ ಪಟ್ಟೆ ಉಳುಸ್ತೀನಿ. ಅದರ ಅತ್ತಾಗೆ ಇತ್ತಾಗೆ ನಂದೂ ಕಾಣ್ಲಿ. ಯಾವ್ದು ಬೀಳು ಅಂತ ಅವ್ರೇ ಹೇಳ್ಲಿ."

ಹೊಸದೊಂದು ಪದ್ಧತಿಯನ್ನು ಪರೀಕ್ಷಿಸುವಾಗ ಹಳೆಯದನ್ನು ಅದೇ ನೆಲದಲ್ಲಿ, ಅದೇ ಮಳೆಯಲ್ಲಿ, ಪಕ್ಕದಲ್ಲೇ ಇಟ್ಟು ಹೋಲಿಸಬೇಕೆಂಬುದು ನಮ್ಮ ವಿದ್ಯೆಯ ಮೊದಲ ಪಾಠ. ಅದನ್ನು ಕಲಿತು ಪದವಿ ಪಡೆದ ನನಗೆ ಹೊಳೆದದ್ದು ಟ್ರ್ಯಾಕ್ಟರ್. ಪಾಠದ ಹೆಸರನ್ನೂ ಕೇಳಿರದ ಆಕೆಗೆ ಹೊಳೆದದ್ದು ಪಾಠ.

ಪಟ್ಟೆ ಉಳಲು ಆಕೆ ಕರೆದದ್ದು ರುದ್ರಪ್ಪನವರನ್ನೇ. ಇದರಲ್ಲಿ ಜಾಣತನವಿತ್ತು. ಮಂಜೂರಾತಿ ರದ್ದಾದರೆ ಆ ಎರಡೆಕರೆಗೆ ಮೊದಲ ಅರ್ಜಿ ಹಾಕುವವರು ಬದುವಿನಾಚೆಯ ರುದ್ರಪ್ಪನವರೇ ಎಂಬುದು ಊರಿಗೆಲ್ಲ ಗೊತ್ತಿತ್ತು. ರುದ್ರಪ್ಪನವರೂ ಅದನ್ನು ಮುಚ್ಚಿಟ್ಟಿರಲಿಲ್ಲ.

"ಈಗ್ ಬಂದ್ಯಾ ದಾರಿಗೆ" ಎಂದರು ಅವರು, ಎತ್ತುಗಳನ್ನು ಬದು ದಾಟಿಸುತ್ತ. "ಮೊದ್ಲೇ ಕರ್ದಿದ್ರೆ ಬತ್ತಿರ್ಲಿಲ್ವಾ?"

"ಐದು ವರ್ಷ ಕರ್ದೆ. ಇವತ್ತು ಕಿವಿ ಕೇಳುಸ್ತಲ್ಲ, ಅಷ್ಟು ಸಾಕು. ಹಿಡೀರಿ ನೇಗ್ಲು."

ನಾನು ಬದುವಿನ ಮೇಲಿದ್ದೆ. ತಮ್ಮ ಗರಸು ನೆಲದ ಅಭ್ಯಾಸದಂತೆ ರುದ್ರಪ್ಪ ನೇಗಿಲ ಹಿಡಿಯಾದ ಮೇಳಿಯ ಮೇಲೆ ಪೂರ್ತಿ ಭಾರ ಹಾಕಿ, ಎತ್ತುಗಳನ್ನು ಗದರಿಸಿ ಹೊಡೆದರು. ಎತ್ತುಗಳೂ ಅಭ್ಯಾಸದಂತೆ ಕತ್ತು ಬಗ್ಗಿಸಿ ಬಲವಾಗಿ ಎಳೆದವು. ನೆಲ ಎದುರಿಸಲೇ ಇಲ್ಲ. ನೇಗಿಲ ಮೊನೆಯ ಗುಳ ಪೂರ್ತಿ ಇಳಿದು ಸರಾಗವಾಗಿ ಸರಿಯಿತು, ಎತ್ತುಗಳು ತಮ್ಮ ಜೋರಿಗೆ ತಾವೇ ಮುಗ್ಗರಿಸಿ ಹೆಜ್ಜೆ ಹಾಕುತ್ತ ಓಡಿದವು, ಹಿಂದೆ ರುದ್ರಪ್ಪ ಪಂಚೆ ಹಿಡಿದುಕೊಂಡು ಓಡಿದರು. ಕೊನೆಯಲ್ಲಿ ನಿಂತು, ತಿರುಗಿ, ಸಾಲನ್ನು ನೋಡಿದರು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಒತ್ತಿದರು. ಉಳಿದ ಸಾಲುಗಳನ್ನು ಮುಗಿಸಿ ಮನೆಗೆ ಹೋದರು.

ತನಿಖೆಗೆ ಮೊದಲು ನಾಲ್ಕು ದಿನ ಬಿರುಸು ಮಳೆ ಬಂತು. ಅಮಲ್ದಾರರು ಜೀಪಿನಿಂದ ಇಳಿದಾಗ ನಾನು ಎರಡು ಪುಟದ ಹೇಳಿಕೆಯೊಂದನ್ನು ಸಿದ್ಧಪಡಿಸಿಕೊಂಡು ನಿಂತಿದ್ದೆ. ನನ್ನ ಹಾಳೆ ಬರೆದ ದಿನ, ಪಹಣಿಗೆ ನಕಲಾದ ದಿನ, ರಾಗಿ ನಾಟಿಯಾದ ವಾರ, ಎಲ್ಲವನ್ನೂ ತಾಳೆಹಾಕಿ ಬರೆದದ್ದು. ತಪ್ಪು ನನ್ನದೆಂದು ಮೊದಲ ವಾಕ್ಯದಲ್ಲೇ ಒಪ್ಪಿದ್ದೆ. ಅವರು ಅದನ್ನು ಎರಡು ಸಲ ತಿರುವಿ ನೋಡಿ, "ಇಷ್ಟೊಂದು ತಾರೀಖು ಬರ್ದಿದೀರಿ, ಈ ಕಾಗದಕ್ಕೇ ತಾರೀಖಿಲ್ವಲ್ರೀ" ಎಂದರು. ಶ್ಯಾನುಭೋಗರು ಕೆಮ್ಮಿದರು. ನನ್ನ ವೃತ್ತಿಜೀವನದಲ್ಲಿ ನಾನು ದಿನಾಂಕ ಹಾಕಲು ಮರೆತ ಏಕೈಕ ದಾಖಲೆ ಅದು.

"ನೋಡಮ್ಮ" ಎಂದರು ಅಮಲ್ದಾರರು, "ನಂಗೆ ಇಲ್ಲಿ ಕಾಣ್ತಿರೋದು ಒಂದು ಪಟ್ಟೆ ಉಳುಮೆ. ಮಿಕ್ಕಿದ್ದು ಹಂಗೇ ಬಿಟ್ಟಿದೀಯ."

"ಬಿಟ್ಟಿಲ್ಲ ಸ್ವಾಮಿ. ನಡ್ದು ನೋಡಿ. ಮೊದ್ಲು ಉತ್ತಿರೋದ್ರ ಮೇಲೆ ನಡೀರಿ."

ಅವರು ನಡೆದರು. ನಾಲ್ಕು ದಿನದ ಮಳೆಗೆ ಉತ್ತ ಪಟ್ಟೆಯ ನುಣುಪು ಮಣ್ಣು ಕೊಚ್ಚಿ ಇಳಿಜಾರಿಗೆ ಹೋಗಿತ್ತು. ಉಳಿದದ್ದರ ಮೇಲೆ ತೆಳುವಾದ ಹೆಪ್ಪು ಕಟ್ಟಿತ್ತು. ತಗ್ಗಿನಲ್ಲಿ ಕೆಂಪು ನೀರು ನಿಂತಿತ್ತು. ಎರಡು ಹೆಜ್ಜೆಗೆ ಅವರ ಬೂಟುಗಳು ಸೇರು ಸೇರು ಮಣ್ಣು ಹೊತ್ತವು. ಅಲ್ಲಿಂದ ಪಕ್ಕಕ್ಕೆ, ಮಲಗಿದ ಸೆಣಬಿನ ಮೇಲೆ ಕಾಲಿಟ್ಟರು. ಬೂಟು ಒಂದಿಷ್ಟು ಇಳಿದು ಮೇಲೆ ಬಂತು, ಕೆಸರು ಅಂಟಲಿಲ್ಲ. ತಿಮ್ಮಕ್ಕ ಅವರ ಕಾಲ ಬಳಿಯೇ ಕುಳಿತು ಹೊದಿಕೆಯನ್ನು ಸರಿಸಿದಳು. ಕೆಳಗೆ ಕಪ್ಪಾಗಿ ತಿರುಗುತ್ತಿದ್ದ ಕೆಂಪು ಮಣ್ಣು, ಕೊಳೆತ ಕಡ್ಡಿಗಳ ನಡುವೆ ಬಿಳಿ ಬೂಷ್ಟಿನ ಎಳೆಗಳು, ಬೆಳಕಿಗೆ ಹೆದರಿ ಒಳಸರಿಯುತ್ತಿದ್ದ ಎರೆಹುಳು. ಉಗುರಿನಿಂದ ಕೆರೆಯದೆಯೇ ಮುಂಗೈ ಅರ್ಧದವರೆಗೆ ಕೈ ಇಳಿಸಿ ತೋರಿಸಿದಳು.

ಅಮಲ್ದಾರರು ಬಗ್ಗಿ ನೋಡಿದರು. ಆಮೇಲೆ ಅಕ್ಕಪಕ್ಕದ ಹಿಡುವಳಿದಾರರ ಹೇಳಿಕೆ ಬೇಕೆಂದು ರುದ್ರಪ್ಪನವರನ್ನು ಕರೆದು ಕೇಳಿದರು: "ಏನ್ರೀ ಯಜಮಾನ್ರೇ, ಇದು ಬೀಳೋ, ಸಾಗುವಳಿಯೋ? ನಿಮ್ ಮಾತು ಬರ್ಕೊತೀನಿ."

ತಿಮ್ಮಕ್ಕ ಎದ್ದು ನಿಂತಳು. ಕೈಯ ಮಣ್ಣು ಒರೆಸಿಕೊಳ್ಳಲಿಲ್ಲ. ಬೀಳು ಎಂದು ಒಂದು ಶಬ್ದ ಹೇಳಿದ್ದರೆ ರುದ್ರಪ್ಪನವರ ತೆಂಗಿನ ತೋಟ ಎರಡೆಕರೆ ಉದ್ದವಾಗುತ್ತಿತ್ತು. ಆ ಶಬ್ದ ಅವರ ನಾಲಿಗೆಯ ತುದಿಯವರೆಗೆ ಬಂದಿತ್ತೆಂದೇ ಇಂದಿಗೂ ನನ್ನ ನಂಬಿಕೆ.

"ನಮ್ಮಪ್ಪನ ಕಾಲದಿಂದ ನೇಗ್ಲು ಹಿಡ್ದಿದೀನಿ ಸ್ವಾಮಿ" ಎಂದರು, ನಿಧಾನವಾಗಿ. "ನನ್ನ ಹೊಲ್ದಲ್ಲಿ ಎತ್ತು ನೊರೆ ಕಕ್ತಾವೆ. ಇಲ್ಲಿ ಓಡಿದ್ವು. ನಾನೂ ಓಡ್ದೆ. ಇದನ್ನ ಬೀಳು ಅಂದ್ರೆ ನನ್ ಹೊಲಕ್ಕೆ ಏನನ್ನಾಣ?" ತಿಮ್ಮಕ್ಕನ ಕಡೆ ನೋಡದೆ ಸೇರಿಸಿದರು, "ಹಗ್ಗ ಮಾತ್ರ ದಂಡ ಮಾಡ್ತಾಳೆ. ಅದನ್ನೂ ಬರ್ಕೊಳಿ."

ಹಗ್ಗದ ವಿಷಯವನ್ನು ಅವರು ಬರೆದುಕೊಳ್ಳಲಿಲ್ಲ. ಸಾಗುವಳಿ ಎಂದು ಬರೆದು, ಬೆಳೆಯ ಅಂಕಣಕ್ಕೆ ಬಂದು ತಡೆದರು. ಕೊಯ್ದು ಮನೆಗೆ ತರದ ಬೆಳೆಗೆ ಆ ಪುಸ್ತಕದಲ್ಲಿ ಹೆಸರಿರಲಿಲ್ಲ. ನಾನು ಶಾಸ್ತ್ರೀಯವಾದ ಒಂದು ದೀರ್ಘ ಸಮಾಸವನ್ನು ಸೂಚಿಸಿದೆ. ಅಂಕಣದ ಅಗಲ ಸಾಲದೆಂದರು. "ಮಣ್ಣಿಗೆ ಊಟ ಅಂತ ಬರ್ಕೊಳಿ" ಎಂದಳು ತಿಮ್ಮಕ್ಕ. ಅಮಲ್ದಾರರು ಮೊದಲ ಬಾರಿಗೆ ನಕ್ಕು, ಸೆಣಬು ಎಂದಷ್ಟೇ ಬರೆದು ಸಹಿ ಮಾಡಿದರು.

ಮುಂದಿನ ವರ್ಷಗಳಲ್ಲಿ ನಾನು ಅದೇ ವಿಷಯದ ಮೇಲೆ ಕೆಲಸ ಮಾಡಿದೆ, ಅದರಿಂದಲೇ ಬಡ್ತಿ ಪಡೆದೆ. ನನ್ನ ವರದಿಗಳಲ್ಲಿ ಉತ್ತ ಪಟ್ಟೆ, ಉಳದ ಪಟ್ಟೆಗಳು ಸದಾ ಅಕ್ಕಪಕ್ಕ ಇರುತ್ತಿದ್ದವು. ಆ ವಿನ್ಯಾಸ ಯಾರದೆಂದು ಎಲ್ಲಿಯೂ ನಮೂದಿಸಲಿಲ್ಲ. ಆಗ ಅದು ನಮೂದಿಸುವ ಸಂಗತಿಯೆಂದೇ ತೋರಿರಲಿಲ್ಲ. ಈಗ ಈ ಬರಹಕ್ಕೆಂದು ತಾಳೆನೋಡಲು ಕುಳಿತರೆ, ಆ ತನಿಖೆ ನಡೆದದ್ದು ಎಂಬತ್ತರಲ್ಲೋ ಎಂಬತ್ತೊಂದರಲ್ಲೋ ಖಚಿತವಾಗುತ್ತಿಲ್ಲ. ಆ ಎರಡು ವರ್ಷಗಳ ದಿನಚರಿಯನ್ನು ಗೆದ್ದಲು ತಿಂದಿದೆ. ನನ್ನ ಹೇಳಿಕೆಯ ಪ್ರತಿ ಉಳಿದಿದೆ, ಅದರಲ್ಲಿ ದಿನಾಂಕವಿಲ್ಲ.

ಹಾಗಾಗಿ ನಿನ್ನೆ ತಿಮ್ಮಕ್ಕನ ಊರಿಗೆ ಬಸ್ಸು ಹತ್ತಿದೆ. ಸೆಣಬನ್ನು ಅವಳ ಸೊಸೆ ಕೊಯ್ಯುತ್ತಿದ್ದಳು. ತಿಮ್ಮಕ್ಕ ಬದುವಿನ ಮೇಲೆ ಕುಳಿತು, ಕೊಯ್ದದ್ದು ಒತ್ತಾಗಿ ಬೀಳುತ್ತಿಲ್ಲವೆಂದು ತಗಾದೆ ಮಾಡುತ್ತಿದ್ದಳು. ವಯಸ್ಸು ಎಂಬತ್ತು ದಾಟಿದೆ. ನನ್ನ ಗುರುತು ಹಿಡಿಯಲು ಸಮಯ ಬೇಕಾಯಿತು. ನಾನು ಪುಸ್ತಕ ತೆಗೆದದ್ದೇ ತಡ, ಹಿಡಿದಳು.

"ಮತ್ತೆ ಏನ್ ಬರ್ಯಕ್ ಬಂದ್ರಿ ಸ್ವಾಮಿ?"

"ಅಮಲ್ದಾರ್ರು ಬಂದಿದ್ದು ಯಾವ ಇಸವಿ ಅಂತ ಕೇಳೋಣ ಅಂತ. ಎಂಬತ್ತೋ, ಎಂಬತ್ತೊಂದೋ?"

ತಿಮ್ಮಕ್ಕ ಸೊಸೆಯ ಕಡೆ ತಿರುಗಿದಳು. ಸೊಸೆ ಕುಡುಗೋಲು ನಿಲ್ಲಿಸಿ, ಇದೂ ಒಂದು ಪ್ರಶ್ನೆಯೇ ಎಂಬಂತೆ, ಥಟ್ಟನೆ ಹೇಳಿದಳು:

"ರುದ್ರಪ್ಪಜ್ಜನ ಎತ್ತು ಓಡಿದ್ ವರ್ಷ ಕಣ್ರೀ. ಊರಲ್ ಯಾರ್ನ ಕೇಳಿದ್ರೂ ಹೇಳ್ತಾರೆ."

ಆಕೆ ಈ ಊರಿಗೆ ಸೊಸೆಯಾಗಿ ಬಂದದ್ದು ಅದಾಗಿ ಎಷ್ಟೋ ಕಾಲದ ಮೇಲೆ. ಮರುಪ್ರಶ್ನೆಯೊಂದು ನನ್ನ ಬಾಯಿಗೆ ಬಂದಿತ್ತು, ಕೇಳಲಿಲ್ಲ. ಪುಸ್ತಕದಲ್ಲಿ ದಿನಾಂಕದ ಜಾಗದಲ್ಲಿ ಆಕೆ ಹೇಳಿದ್ದನ್ನು ಹೇಳಿದಂತೆಯೇ ಬರೆದು, ಓದಿ ಹೇಳಿದೆ. ತಿಮ್ಮಕ್ಕ ಕೇಳಿಸಿಕೊಂಡು, ಸರಿಯಿದೆ ಎಂದಳು.